ಗೋಡೆ ಮೇಲೆ ಬರೆದಿಟ್ಟ ಹೆಜ್ಜೆ ಲೆಕ್ಕ: ಕಾಪು ಹತ್ತಿರದ ಅರ್ಧ ಖಾಲಿಯಾದ ಕಾಟೇಜುಗಳ ಬಗ್ಗೆ ತಿಳಿದವರು ಹೇಳಿ

ಉಪ್ಪುಗಾಳಿ, ಉಡುಪಿ
ನವೆಂಬರ್ 16, 2025

ನಾನು ಎಸಿ, ಫ್ರಿಜ್ ರಿಪೇರಿ ಮಾಡುವವ. ಉಡುಪಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕಡಲ ಬದಿಯಿಂದ ಫೋನ್ ಬಂದರೆ ಅಲ್ಲಿ ಏನಿರುತ್ತದೆ ಅಂತ ಹೋಗುವ ಮೊದಲೇ ಗೊತ್ತು. ಔಟ್‌ಡೋರ್ ಯೂನಿಟ್ ಬಿಚ್ಚಿದರೆ ಫಿನ್ ಎಲ್ಲ ಬಿಳಿ ಹುಡಿಯಾಗಿರುತ್ತದೆ, ಬೆರಳು ತಾಗಿದರೆ ಉದುರುತ್ತದೆ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಕಾಪುವಿನಿಂದ ಬಡಗು ಬದಿಯ ಒಂದು ಹಳೇ ಕಾಟೇಜು ಕಾಲನಿಯವರು ಕರೆದರು. ಡಿಸೆಂಬರ್ ಸೀಸನ್‌ಗೆ ಮೊದಲು ನಾಲ್ಕು ರೂಮಿನ ಎಸಿ ನೋಡಿ ಕೊಡಬೇಕು ಅಂತ. ಜಾಗದ ಹೆಸರು ಬರೆಯುವುದಿಲ್ಲ. ಮೂಡು ಬದಿ ಹೊಳೆ, ಪಡು ಬದಿ ಕಡಲು, ನಡುವೆ ಒಂದು ಸಪೂರ ಪಟ್ಟಿ. ತೆಂಕಕ್ಕೆ ನೋಡಿದರೆ ತೆಂಗಿನ ಮರಗಳ ಮೇಲೆ ಕಾಪು ಲೈಟ್‌ಹೌಸಿನ ತಲೆ ಕಾಣುತ್ತದೆ. ಇಷ್ಟು ಸಾಕು.

ಹೊಳೆ ಬದಿಯ ಕಾಟೇಜುಗಳು 17ರಿಂದ 24. ಅವಕ್ಕೆ ಬಣ್ಣ ಹೊಡೆದಿದ್ದಾರೆ, ಶನಿವಾರ ಆದಿತ್ಯವಾರ ಜನ ಬರುತ್ತಾರೆ. ಕಡಲ ಬದಿಯ ಸಾಲು 9ರಿಂದ 16. ಅದನ್ನು 2021ರಲ್ಲಿ ತೌಕ್ತೆ ಚಂಡಮಾರುತ ಬಂದ ಮೇಲೆ ಬಿಟ್ಟದ್ದು. ಜಾಗ ನೋಡಿಕೊಳ್ಳುವ ಅಜ್ಜನಿಗೆ 73 ವರ್ಷ, ಅವರೂ ಅಜ್ಜಿಯೂ 17ರ ಹಿಂದಿನ ಕೋಣೆಯಲ್ಲಿದ್ದಾರೆ. ಕೆಲಸ ಮುಗಿದ ಮೇಲೆ, ಆ ಬದಿ ಒಮ್ಮೆ ನೋಡಬಹುದಾ ಅಜ್ಜ, ಅಂತ ಕೇಳಿದೆ. ‘ಬನ್ನಿ, ನಾನು ಕಾಲಿಟ್ಟಲ್ಲೇ ಕಾಲಿಡಿ’ ಅಂದರು.

ಹನ್ನೊಂದರ ಬಾಗಿಲು ಈಗಲೂ ಗಟ್ಟಿ ಉಂಟು. ಹಿತ್ತಾಳೆಯ ಬಿಜಾಗ್ರಿ ಹಸಿರಾಗಿದೆ, ಆದರೆ ತಿರುಗುತ್ತದೆ. ಕಬ್ಬಿಣದ ಚಿಲಕ ಮಾತ್ರ ಬೇಕರಿಯ ಪಫ್ಸ್ ಹಾಗೆ ಪದರ ಪದರ ಎದ್ದಿದೆ. ಒಳಗೆ ರೆಡಾಕ್ಸೈಡ್ ನೆಲ, ಕಾಲಲ್ಲಿ ಮರಳು ಸರಿಸಿದರೆ ಇನ್ನೂ ಹೊಳೆಯುತ್ತದೆ. ಬಚ್ಚಲಲ್ಲಿ ಮರಳು ನಲ್ಲಿಯ ಮಟ್ಟಕ್ಕೆ ಬಂದು ನಿಂತಿದೆ. ಆ ಮರಳಿನ ಮಧ್ಯೆ ಏಡಿಯ ತೂತು, ಪಕ್ಕದಲ್ಲಿ ಏಡಿ ಎಳೆದು ಹಾಕಿದ ಮರಳಿನ ಗುಪ್ಪೆ. ಮುಟ್ಟಿ ನೋಡಿದೆ, ಹಸಿ ಇತ್ತು. ಅಂದರೆ ಅವತ್ತೇ ತೋಡಿದ್ದು. ಎಸಿ ಇದ್ದ ಗೋಡೆಯಲ್ಲಿ ತಾಮ್ರದ ಪೈಪನ್ನು ಯಾರೋ ಹ್ಯಾಕ್ಸಾದಲ್ಲಿ ಗೋಡೆಗೆ ಸಮ ಕತ್ತರಿಸಿ ಒಯ್ದಿದ್ದಾರೆ. ಹನ್ನೆರಡರಲ್ಲಿ ಬಿಟ್ಟು ಹೋದ ಬಲೆ ರಾಶಿ ಬಿದ್ದಿದೆ.

ಇಷ್ಟಾದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಒಂಬತ್ತರ ಜಗಲಿಯ ಗೋಡೆಯಲ್ಲಿ, ಮಳೆ ತಾಗದ ಮೂಲೆಯಲ್ಲಿ, ಬಡಗಿಗಳ ಕೆಂಪು ಪೆನ್ಸಿಲಿನಲ್ಲಿ ಒಂದು ಪಟ್ಟಿ ಬರೆದಿದೆ. ವರ್ಷ, ಪಕ್ಕದಲ್ಲಿ ಒಂದು ಸಂಖ್ಯೆ. ಕೇಳಿದರೆ ಅಜ್ಜ ಹೇಳಿದರು: ಪ್ರತಿ ನೂಲ ಹುಣ್ಣಿಮೆಗೆ ಅವರು ಒಂಬತ್ತರ ಕೊನೆಯ ಮೆಟ್ಟಿಲಿನಿಂದ ಕಡಲಿಗೆ ನೇರ ನಡೆಯುತ್ತಾರೆ, ಹೆಜ್ಜೆ ಎಣಿಸುತ್ತಾರೆ, ಬಂದು ಬರೆಯುತ್ತಾರೆ. 2009ರಿಂದ. ಒಂದು ವರ್ಷ, 2013, ಖಾಲಿ ಇದೆ. ಆಗ ಅಜ್ಜಿ ಆಸ್ಪತ್ರೆಯಲ್ಲಿದ್ದರಂತೆ.

2009ಕ್ಕೆ 48. 2017ಕ್ಕೆ 38, 2018ಕ್ಕೆ 40, ಆಮೇಲೆ 37, 36. ತೌಕ್ತೆ ಬಂದ 2021ಕ್ಕೆ 28. ಮತ್ತೆ 27, 29, 26. ಈ ವರ್ಷ 26.

‘ಎರಡು ವರ್ಷ ಒಂದೇ ಲೆಕ್ಕ ಬಂತು, ಈಗ ಕಡಲು ಸುಮ್ಮನಾಗಿದೆ’ ಅಂದರು ಅಜ್ಜ. ಹೇಳುವಾಗ ಅವರ ಮುಖದಲ್ಲಿ ದೊಡ್ಡ ಸಮಾಧಾನ ಇತ್ತು.

ನನ್ನ ಪ್ರಶ್ನೆಗಳು ಇವು. ಯಾವ ಯಂತ್ರವೂ ಇಲ್ಲದೆ ಕಾಲಲ್ಲಿ ಅಳೆದ ಈ ಲೆಕ್ಕಕ್ಕೆ ಬೆಲೆ ಉಂಟಾ? ಉಂಟಾದರೆ ಅದನ್ನು ಸರಿಯಾಗಿ ಉಳಿಸುವುದು ಹೇಗೆ? ಬರುವ ಮಳೆಗಾಲಕ್ಕೆ ಮೊದಲು ಆ ಎಂಟು ಮನೆಗಳ ಒಳಗೆ ಹೋಗಿ ಅಳತೆ ತೆಗೆದು ಒಂದು ನಕ್ಷೆ ಬರೆಯಬೇಕು ಅಂತ ಮನಸ್ಸಿದೆ, ಧಣಿಗಳ ಒಪ್ಪಿಗೆ ಫೋನಿನಲ್ಲಿ ಸಿಕ್ಕಿದೆ. ಹೋಗುವಾಗ ಏನು ನೋಡಿಕೊಳ್ಳಬೇಕು? ಮತ್ತೆ ಒಂದು ವಿಷಯ ತಲೆಯಲ್ಲಿ ಉಳಿದಿದೆ. ನಂಬರು 9ರಿಂದ ಯಾಕೆ ಶುರುವಾಗುತ್ತದೆ?

ದಯವಿಟ್ಟು ಲೊಕೇಶನ್ ಕೇಳಬೇಡಿ. ಕಳೆದ ಮೇ ತಿಂಗಳಲ್ಲಿ ರೀಲ್ಸ್ ಮಾಡಲು ಬಂದ ಹುಡುಗರು ಮಾಡು ಹತ್ತಿ ನಲವತ್ತು ಹಂಚು ಒಡೆದರು, ಹದಿಮೂರರ ಬಾಗಿಲು ಕಿತ್ತು ಬೆಂಕಿ ಹಾಕಿದರು. ಅದಕ್ಕೆ ಉತ್ತರ ಹೇಳಬೇಕಾದ್ದು ಆ ಅಜ್ಜ.


ಮುರಕಲ್ಲು, ಮಂಗಳೂರು
ನವೆಂಬರ್ 17

ನಾನು ಸಿವಿಲ್ ಇಂಜಿನಿಯರ್, ನಿವೃತ್ತನಾಗಿ ಆರು ವರ್ಷ. ನಿಮ್ಮ ಮೊದಲ ಪ್ರಶ್ನೆಗೆ: ಬೆಲೆ ಉಂಟು, ನೀವು ಎಣಿಸಿದ್ದಕ್ಕಿಂತ ಹೆಚ್ಚು.

ನಮ್ಮ ಕಡಲಕರೆ ವರ್ಷ ಪೂರ್ತಿ ಒಂದೇ ಅಗಲ ಇರುವುದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ದೊಡ್ಡ ಅಲೆಗಳು ಮರಳನ್ನು ಎಳೆದು ಸ್ವಲ್ಪ ದೂರದಲ್ಲಿ ನೀರಿನ ಅಡಿಯಲ್ಲಿ ದಿಬ್ಬ ಮಾಡಿ ಇಡುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ವಾಪಸು ತಂದು ಹಾಕುತ್ತವೆ. ಬೇಸಿಗೆಯಲ್ಲಿ ನೋಡಿದವರು ಎಷ್ಟು ಅಗಲ ಅನ್ನುತ್ತಾರೆ, ಜುಲೈಯಲ್ಲಿ ನೋಡಿದವರು ಎಲ್ಲಾ ಹೋಯಿತು ಅನ್ನುತ್ತಾರೆ. ಎರಡೂ ಆ ದಿನಕ್ಕೆ ನಿಜ. ಜನವರಿಯ ಒಂದು ಫೋಟೋ, ಆಗಸ್ಟಿನ ಒಂದು ಫೋಟೋ ಪಕ್ಕ ಪಕ್ಕ ಇಟ್ಟು ಕಡಲ್ಕೊರೆತ ತೋರಿಸುವವರು ಬಹಳ ಜನ ಇದ್ದಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಕಾಲದ್ದನ್ನು ಒಂದೇ ಕಾಲದ ಜೊತೆ ನೋಡಬೇಕು.

ನಿಮ್ಮ ಅಜ್ಜ ಮಾಡಿದ್ದು ಅದನ್ನೇ. ಒಂದೇ ಮೆಟ್ಟಿಲು, ಒಬ್ಬರೇ ಮನುಷ್ಯ, ಮಳೆಗಾಲದ ಕೊನೆಯ ಭಾಗ. ಇನ್ನೊಂದು ಒಳ್ಳೆಯ ಸಂಗತಿ, ಅದು ಹುಣ್ಣಿಮೆ. ಒಂದೇ ಊರಿನಲ್ಲಿ ಹುಣ್ಣಿಮೆಯ ದಿನ ಉಬ್ಬರ ಏರುವ ಹೊತ್ತು ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ. ಅವರು ಪ್ರತಿ ವರ್ಷ ಅದೇ ಗಂಟೆಗೆ ನಡೆದಿದ್ದರೆ ನೀರಿನ ಏರಿಳಿತದ ಗೊಂದಲ ದೊಡ್ಡ ಮಟ್ಟಿಗೆ ತಪ್ಪಿದಂತೆ. ಎಷ್ಟು ಗಂಟೆಗೆ ನಡೆಯುತ್ತಿದ್ದರು ಕೇಳಿ.

2018 ಮತ್ತು 2023ರಲ್ಲಿ ಲೆಕ್ಕ ಎರಡೆರಡು ಹೆಜ್ಜೆ ಮೇಲೆ ಹೋದದ್ದನ್ನು ನೋಡಿದಿರಾ? ಎರಡೂ ಅಧಿಕ ಮಾಸ ಬಂದ ವರ್ಷ. 2018ರಲ್ಲಿ ಅಧಿಕ ಜ್ಯೇಷ್ಠ, 2023ರಲ್ಲಿ ಅಧಿಕ ಶ್ರಾವಣ. ಹಾಗಾಗಿ ನೂಲ ಹುಣ್ಣಿಮೆ ಆಗಸ್ಟ್ ಕೊನೆಗೆ ಬಂತು. 2017ರಲ್ಲಿ ಅದು ಆಗಸ್ಟ್ 7, ಮರುವರ್ಷ ಆಗಸ್ಟ್ 26. ಅಷ್ಟು ಹೊತ್ತಿಗೆ ಕಡಲಿನ ಅಬ್ಬರ ಇಳಿದು ಮರಳು ವಾಪಸಾಗಲು ಶುರುವಾಗಿರುತ್ತದೆ. ಪಟ್ಟಿ ಓದಿದಾಗ ನನಗೆ ಬಹಳ ಸಂತೋಷವಾದದ್ದು ಇಲ್ಲಿ. ಬರೆದವರು ಸುಳ್ಳು ಬರೆದಿಲ್ಲ. ಇಳಿಯುತ್ತಾ ಹೋಗಬೇಕು ಅಂತ ಲೆಕ್ಕವನ್ನು ಇಳಿಸಿದವರಲ್ಲ, ಏರಿದಾಗ ಏರಿದ್ದನ್ನೇ ಬರೆದಿದ್ದಾರೆ.

ಆದರೆ ಕೊನೆಯ ಎರಡು 26ರ ಬಗ್ಗೆ ನನಗೆ ಅನುಮಾನ. ಅವರಿಗೆ 73 ಅಂದಿರಿ. ವಯಸ್ಸಾದಂತೆ ಹೆಜ್ಜೆ ಕಿರಿದಾಗುತ್ತದೆ. ಹೆಜ್ಜೆ ಕಿರಿದಾದರೆ ಅಷ್ಟೇ ದೂರಕ್ಕೆ ಸಂಖ್ಯೆ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ ಅಂದರೆ ದೂರ ಕಡಿಮೆಯಾಗಿದೆ. ಇದನ್ನು ಖಚಿತ ಮಾಡಲು ಅವರು ಹಿಂದೆ ಹೆಜ್ಜೆಯಲ್ಲಿ ಅಳೆದ, ಈಗಲೂ ಅಲುಗದೆ ಇರುವ ಯಾವುದಾದರೂ ದೂರ ಬೇಕು. ಕಾಂಪೌಂಡ್, ಬಾವಿ, ಏನಾದರೂ. ಹುಡುಕಿ.

ಒಳಗೆ ಹೋಗುವ ವಿಷಯ. ಹಂಚಿನ ಮಾಡಿನ ಮನೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಪಕ್ಕಾಸು ಬಾಗುತ್ತದೆ, ಹಂಚು ಜಾರುತ್ತದೆ. ಆರ್‌ಸಿಸಿ ಸ್ಲ್ಯಾಬ್ ಹಾಗಲ್ಲ. ಉಪ್ಪು ಒಳಗೆ ಇಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿನಿಂದ ದೂಡಿ ಬೀಳಿಸುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಉದ್ದಕ್ಕೆ ಕಂದು ಗೆರೆ ಕಂಡರೆ ಒಳಗೆ ಹೋಗಲೇಬೇಡಿ. ಹೊರಗೆ ನಡೆಯುವಾಗ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಅಂತ ಅಜ್ಜನ ಹತ್ತಿರ ಮೊದಲು ಕೇಳಿ, ಮರಳು ಮುಚ್ಚಿದ ತೆಳು ಸ್ಲ್ಯಾಬ್ ಮೇಲೆ ಕಾಲಿಟ್ಟರೆ ಮುಗಿಯಿತು. ಹಂಚು ರಾಶಿಯ ಅಡಿಗೆ ಕೈ ಹಾಕಬೇಡಿ, ಕೊಳಕುಮಂಡಲಕ್ಕೆ ಅದು ಒಳ್ಳೆಯ ಮನೆ.


ಬಲೆಮನೆ, ಮಲ್ಪೆ
ನವೆಂಬರ್ 17

ಅಣ್ಣ, ಒಂದು ಮಾತು. ಹನ್ನೆರಡರಲ್ಲಿ ‘ಬಿಟ್ಟು ಹೋದ ಬಲೆ’ ಅಂತ ಬರೆದಿದ್ದೀರಿ. ಅದು ಬಿಟ್ಟು ಹೋದದ್ದು ಅಂತ ಹೇಗೆ ಹೇಳುತ್ತೀರಿ? ಬೆಂಡು ಒಂದು ಬದಿ, ಸೀಸ ಒಂದು ಬದಿ ಮಾಡಿ ಮಡಚಿ ಇಟ್ಟಿದ್ದರೆ ಅದು ಇಟ್ಟ ಬಲೆ. ಯಾರದ್ದೋ ಮನೆಯ ಹೊಟ್ಟೆಪಾಡು. ನಮ್ಮಲ್ಲಿ ಜಾಗ ಸಾಲದಿದ್ದರೆ ಖಾಲಿ ಮನೆಯವರ ಹತ್ತಿರ ಕೇಳಿ ಇಡುತ್ತೇವೆ. ಖಾಲಿ ಮನೆ ಅಂದರೆ ಯಾರೂ ಬಳಸದ ಮನೆ ಅಂತ ಅಲ್ಲ. ನೀವು ಅಜ್ಜನಿಗೆ ಕೇಳಿ ಹೋದವರು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನನ್ನ ಅಪ್ಪ ಕೈರಂಪಣಿ ಎಳೆದವರು. ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆದು ಬಲೆ ಮೇಲೆ ತರಬೇಕು, ಅದಕ್ಕೆ ಅಗಲ ಕಡಲಕರೆ ಬೇಕು. ಮರಳು ಹೋದಲ್ಲಿ ನಿಲ್ಲಲು ಜಾಗ ಇಲ್ಲ. ಕಲ್ಲು ಹಾಕಿದಲ್ಲಿ ಬಲೆ ಹರಿಯುತ್ತದೆ. ಹಾಗಾಗಿ ಆ ಗೋಡೆಯ 48, 26 ಅನ್ನುವುದು ನಮಗೆ ಮನೆಯ ಲೆಕ್ಕ ಮಾತ್ರ ಅಲ್ಲ, ಬಲೆಯ ಲೆಕ್ಕವೂ ಹೌದು.

ಕೇಳಬೇಕಾದ್ದು ಇನ್ನೊಂದು. ಅಜ್ಜ ಯಾವ ಗೆರೆಯ ತನಕ ನಡೆದರು? ಅಲೆ ಬಂದು ಕಾಲು ಒದ್ದೆಯಾಗುವ ತನಕವಾ, ಕಸಕಡ್ಡಿ ತಂದು ಬಿಟ್ಟ ಗೆರೆಯ ತನಕವಾ, ಮರಳು ಕತ್ತರಿಸಿ ನಿಂತ ಅಂಚಿನ ತನಕವಾ? ಮೂರೂ ಬೇರೆ ಬೇರೆ. ಮಳೆಗಾಲದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹತ್ತು ಹೆಜ್ಜೆ ಫರಕು ಬರುತ್ತದೆ.


ಉಪ್ಪುಗಾಳಿ, ಉಡುಪಿ
ನವೆಂಬರ್ 18

ಅಕ್ಕ, ನೀವು ಹೇಳಿದ್ದು ಸರಿ, ನನ್ನಿಂದ ತಪ್ಪಾಯಿತು. ಫೋಟೋ ತೆಗೆದು ನೋಡಿದೆ. ಬಲೆ ಮಡಚಿಯೇ ಇಟ್ಟದ್ದು, ಮೇಲೆ ಟಾರ್ಪಾಲು, ನಾಲ್ಕು ಮೂಲೆಗೆ ಹಂಚಿನ ತುಂಡು. ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ.

ಸರ್, ಬಹಳ ಉಪಕಾರ. ಅಜ್ಜನಿಗೆ ಫೋನ್ ಮಾಡಿ ಕೇಳಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಭಜನಾ ಮಂದಿರದವರು ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಬಿಟ್ಟ ಕೂಡಲೇ ನಡೆಯುವುದಂತೆ. ಪ್ರತಿ ವರ್ಷ ಹಾಗೇ. ಗೆರೆ ಅಂದರೆ ಮರಳು ಕತ್ತರಿಸಿ ನಿಂತ ಅಂಚು. ‘ಅಲೆಗೆ ನಂಬಿಕೆ ಉಂಟಾ, ಅಂಚು ನಿಲ್ಲುತ್ತದೆ’ ಅಂದರು. ಹಿಂದೆ ಹೆಜ್ಜೆಯಲ್ಲಿ ಬೇರೆ ಏನಾದರೂ ಅಳೆದದ್ದು ಉಂಟಾ ಅಂದರೆ ನೆನಪಿಲ್ಲ ಅಂದರು.


ಹಳೇ ರೂಂಬಾಯ್, ಮಸ್ಕತ್
ನವೆಂಬರ್ 21

ರಾತ್ರಿ ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದವನಿಗೆ ನಿದ್ರೆ ಬರಲಿಲ್ಲ. ಒಂಬತ್ತರ ಜಗಲಿ ಅಂದ ಕೂಡಲೇ ಗೊತ್ತಾಯಿತು ಇದು ಯಾವ ಜಾಗ ಅಂತ. ನಾನು ಅಲ್ಲಿ 1993ರಿಂದ 97ರ ತನಕ ರೂಂಬಾಯ್. ಹದಿನೇಳು ವರ್ಷಕ್ಕೆ ಸೇರಿದವ.

ಒಂಬತ್ತು ಎದುರಿನ ಸಾಲು ಅಲ್ಲ ಅಣ್ಣ. ಅದು ಎರಡನೇ ಸಾಲು. ಒಂದರಿಂದ ಎಂಟು ಅದರ ಮುಂದೆ ಇತ್ತು, ಕಡಲಿಗೆ ಮುಖ ಮಾಡಿ. ಅದರ ಮುಂದೆ ಗಾಳಿಮರದ ಸಾಲು. ಗಾಳಿಮರ ದಾಟಿ ಕಡಲಕರೆ. ಎರಡು ಸಾಲಿನ ನಡುವೆ ಬ್ಯಾಡ್ಮಿಂಟನ್ ಕೋರ್ಟು ಇತ್ತು, ಉದ್ದಕ್ಕೆ, ಪಡುವಿಂದ ಮೂಡಕ್ಕೆ. ಕೋರ್ಟಿನ ಆಚೆ ಎರಡು ಸಾಲು ತೆಂಗು. ಅಡುಗೆಮನೆ ಹಿಂದೆ ಇದ್ದದ್ದರಿಂದ ಚಹದ ಟ್ರೇ ಹಿಡಿದು ಕೋರ್ಟು ಬಳಸಿ ಹೋಗಬೇಕಿತ್ತು, ಸಂಜೆ ಗಾಳಿಗೆ ಕಪ್ಪಿನಿಂದ ಚಹ ಸಾಸರಿಗೆ ಚೆಲ್ಲುತ್ತಿತ್ತು. ನನ್ನ ಪಾಲಿಗೆ ಇದ್ದದ್ದು 1, 2, 3. ಮೂರರಲ್ಲಿ ಮಣಿಪಾಲದಿಂದ ಒಬ್ಬರು ಮೇಷ್ಟ್ರು ಪ್ರತಿ ತಿಂಗಳು ಬಂದು ಎರಡು ದಿನ ಬರೆಯುತ್ತಾ ಕೂರುತ್ತಿದ್ದರು, ಅವರಿಗೆ ನೀರುದೋಸೆ, ಬಂಗುಡೆ ಪುಳಿಮುಂಚಿ ಆದರೆ ಬೇರೆ ಏನೂ ಬೇಡ. ನಾನು ಬಿಡುವಾಗ ಎಂಟೂ ಮನೆ ಇದ್ದವು. ಮತ್ತೆ ಊರಿಗೆ ಬಂದಾಗ ಆ ಬದಿ ಹೋಗಲಿಲ್ಲ. ಹೋಗಬೇಕಿತ್ತು.

ಇಂಜಿನಿಯರ್ ಸರ್ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಉಂಟು. ಅಜ್ಜ ಆಗ ತೋಟದ ಕೆಲಸದವರು, ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದೆವು. ಹೊಳೆ ಬದಿ ತೆಂಗಿನ ಗಿಡ ನೆಟ್ಟದ್ದು 1995ರ ಮಳೆಗಾಲದಲ್ಲಿ, ಗುಂಡಿಗೆ ಉಪ್ಪು, ಬೂದಿ ಹಾಕಿದವರಲ್ಲಿ ನಾನೂ ಒಬ್ಬ. ಟೇಪು ಇರಲಿಲ್ಲ. ಅವರು ನಡೆಯುವುದು, ನಾನು ಗೂಟ ಹೊಡೆಯುವುದು. ಹನ್ನೊಂದು ಹೆಜ್ಜೆಗೆ ಒಂದು ಗಿಡ. ಲೆಕ್ಕ ತಪ್ಪಿದರೆ ಮೊದಲಿನಿಂದ ನಡೆಯುತ್ತಿದ್ದರು. ಆ ಮರಗಳು ಈಗ ಇದ್ದರೆ ಅಳೆದು ನೋಡಿ. ಅವರಿಗೆ ಮೂರನೇ ನಂಬ್ರದ ಹುಡುಗ ಕೇಳಿದ್ದಾನೆ ಅಂತ ಹೇಳಿ, ಗೊತ್ತಾಗುತ್ತದೆ.


ಮುರಕಲ್ಲು, ಮಂಗಳೂರು
ನವೆಂಬರ್ 21

ಹನ್ನೊಂದು ಹೆಜ್ಜೆ! ತೆಂಗಿಗೆ ಗಿಡದಿಂದ ಗಿಡಕ್ಕೆ ಏಳೂವರೆ ಮೀಟರ್ ಬಿಡಬೇಕು ಅನ್ನುವುದು ಎಲ್ಲರೂ ಹೇಳುವ ಅಳತೆ. ಅದಕ್ಕೆ ಹತ್ತಿರ ಇರಬೇಕು. ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಿಕ್ಕಿಲ್ಲ. ಒಂದೇ ಅಂತರ ಅಳೆಯಬೇಡಿ, ಐದಾರು ಅಳೆದು ಸರಾಸರಿ ತೆಗೆಯಿರಿ. ಕಾಂಡ ವಾಲಿರುತ್ತದೆ, ಬುಡದ ನಡುವಿನಿಂದ ನಡುವಿಗೆ ಹಿಡಿಯಿರಿ. ಅಜ್ಜನನ್ನು ಮರಳಿನಲ್ಲೂ ಬೇರೆಯಾಗಿ ನಡೆಸಿ, ಮರಳಿನಲ್ಲಿ ಹೆಜ್ಜೆ ಇನ್ನೂ ಕಿರಿದು.

ಬ್ಯಾಡ್ಮಿಂಟನ್ ಕೋರ್ಟಿನ ಉದ್ದ 44 ಅಡಿ, 13.4 ಮೀಟರ್. ಎರಡು ಕಡೆ ಆಟಗಾರರಿಗೆ ಜಾಗ, ಎರಡು ಸಾಲು ತೆಂಗು, ಆಮೇಲೆ ಒಂದು ಮನೆಯ ಆಳ. ಇದನ್ನೆಲ್ಲ ಕೂಡಿಸಿದರೆ ಎದುರಿನ ಸಾಲಿನ ಜಗಲಿ ಒಂಬತ್ತರಿಂದ 35 ಮೀಟರಿಗಿಂತ ಕಡಿಮೆ ಇರಲಾರದು. ಅದರ ಮುಂದೆ ಗಾಳಿಮರ, ಅದರ ಮುಂದೆ ಕಡಲಕರೆ.

ಎಂಟು ಮನೆ ಹೋದ ಮೇಲೆ ಯಾಕೆ ಮತ್ತೆ ಕಟ್ಟಲಿಲ್ಲ ಅಂತ ಯಾರಾದರೂ ಕೇಳಬಹುದು. 1991ರ ಫೆಬ್ರವರಿಯಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. ಅದರ ಪ್ರಕಾರ ಇಂಥ ಹಳ್ಳಿಯ ಕರಾವಳಿಯಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಜಾಗ ಇರಲಿಲ್ಲ. ಇದ್ದ ಕಟ್ಟಡವನ್ನು ಅಷ್ಟೇ ಅಳತೆಯಲ್ಲಿ ರಿಪೇರಿ ಮಾಡಬಹುದು. ನೆಲವೇ ಹೋದರೆ ರಿಪೇರಿ ಮಾಡುವುದು ಯಾವುದನ್ನು? ಕಡಲು ಮುಂದೆ ಬಂದಂತೆ ಆ ರೇಖೆಯೂ ಮುಂದೆ ಬರುತ್ತದೆ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರ ಹಿಡಿದು ನೋಡಿದಾಗ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತದಲ್ಲಿದೆ ಅಂತ ಕಂಡಿತ್ತು. ಉಪಗ್ರಹಕ್ಕೆ ರೇಖೆ ಕಾಣುತ್ತದೆ. ಆ ವರ್ಷ ಆ ದಿನ ಮೆಟ್ಟಿಲಿನಿಂದ ಅಂಚಿಗೆ ಎಷ್ಟಿತ್ತು ಅನ್ನುವುದು ಗೋಡೆಯಲ್ಲಿ ಮಾತ್ರ ಉಂಟು.


ಉಪ್ಪುಗಾಳಿ, ಉಡುಪಿ
ಡಿಸೆಂಬರ್ 8

ನಿನ್ನೆ ಆದಿತ್ಯವಾರ ಹೋಗಿ ಬಂದೆ. 30 ಮೀಟರಿನ ಟೇಪು, ಗಮ್‌ಬೂಟು, ಉದ್ದದ ಒಂದು ಕೋಲು, ಜೊತೆಗೆ ನನ್ನ ಹೆಲ್ಪರ್ ಹುಡುಗ.

ಮೊದಲು ತೆಂಗು. ಎಲ್ಲಾ ಮರ ಇದೆ, ಒಂದಕ್ಕೆ ಸಿಡಿಲು ಬಡಿದು ತಲೆ ಇಲ್ಲ, ಬುಡ ಉಂಟು. ಐದು ಅಂತರ ಅಳೆದೆವು: 7.55, 7.80, 7.70, 7.65, 7.80. ಒಟ್ಟು 38 ಮೀಟರ್ 50 ಸೆಂಟಿಮೀಟರ್. ಐವತ್ತೈದು ಹೆಜ್ಜೆಗೆ ಅಷ್ಟು ಅಂದರೆ ಒಂದು ಹೆಜ್ಜೆ ಸರಿಯಾಗಿ 70 ಸೆಂಟಿಮೀಟರ್. ಆಮೇಲೆ ಅಜ್ಜನಿಗೆ ಅದೇ ಮೊದಲ ಮರದಿಂದ ಆರನೇ ಮರಕ್ಕೆ ನಡೆಯಲು ಹೇಳಿದೆ. ಅವರು ಲುಂಗಿ ಎತ್ತಿ ಕಟ್ಟಿ, ಬಾಯಲ್ಲಿ ಎಣಿಸುತ್ತಾ ನಡೆದರು. 62. ಈಗಿನ ಹೆಜ್ಜೆ 62 ಸೆಂಟಿಮೀಟರ್. ಮರಳಿನಲ್ಲಿ 20 ಮೀಟರಿಗೆ 34 ಹೆಜ್ಜೆ, ಅಂದರೆ 59ಕ್ಕೂ ಸ್ವಲ್ಪ ಕಡಿಮೆ.

ರಾತ್ರಿ ಮನೆಯಲ್ಲಿ ಕೂತು, ಮುರಕಲ್ಲು ಸರ್ ಜೊತೆ ಫೋನಿನಲ್ಲಿ ಲೆಕ್ಕ ಹಾಕಿದೆ. ಹಳೇ ಹೆಜ್ಜೆಯೂ ಮರಳಿನಲ್ಲಿ ಅದೇ ಪ್ರಮಾಣದಲ್ಲಿ ಕಿರಿದಾಗಿತ್ತು ಅಂತ ಹಿಡಿದರೆ, 2009ರ 48 ಹೆಜ್ಜೆ ಸುಮಾರು 32 ಮೀಟರ್. ಈ ವರ್ಷದ 26 ಹೆಜ್ಜೆ ಸುಮಾರು 15 ಮೀಟರ್. ಹೆಜ್ಜೆಯಲ್ಲಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಉಳಿದ ಹಾಗೆ ಕಾಣುತ್ತದೆ. ಮೀಟರಿನಲ್ಲಿ ಅರ್ಧವೂ ಉಳಿದಿಲ್ಲ.

ಎರಡು 26ರ ವಿಷಯ ಅಲ್ಲಿದ್ದಾಗಲೇ ಗೊತ್ತಾಗಿತ್ತು. ಅಜ್ಜನಿಗೆ ಮೊಣಗಂಟು ನೋವು ಶುರುವಾದದ್ದು ಕಳೆದ ವರ್ಷ ಡಿಸೆಂಬರಿನಲ್ಲಿ. ಅಂದರೆ 2024ರ 26 ನೋವಿಗೆ ಮೊದಲಿನದ್ದು, 2025ರದ್ದು ಆಮೇಲಿನದ್ದು. ಹೇಳಬೇಕಾ ಬೇಡವಾ ಅಂತ ಬಾವಿಕಟ್ಟೆಯಲ್ಲಿ ಕೂತು ಯೋಚಿಸಿದೆ. ಹದಿನೇಳು ವರ್ಷ ಒಂದು ಹೆಜ್ಜೆಯೂ ಹೆಚ್ಚು ಕಡಿಮೆ ಬರೆಯದವರ ಹತ್ತಿರ ಮುಚ್ಚಿಡುವುದು ಸರಿಯಲ್ಲ ಅನಿಸಿತು. ಟೇಪು ತೋರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಕಾಲನ್ನೇ ನೋಡಿದರು. ‘ಹಾಗಾದರೆ ಈ ವರ್ಷವೂ ತಿಂದಿದೆ’ ಅಂದರು.

ಒಳಗಿನಿಂದ ಅಜ್ಜಿ ಹೇಳಿದರು, ‘ನಾನು ಏಪ್ರಿಲ್‌ನಲ್ಲೇ ಹೇಳಿದ್ದೆ. ಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅಂತ.’ ಮೊದಲು ಮೇ ಕೊನೆಗೆ ಮಾತ್ರ ನೀರು ಉಪ್ಪಾಗುತ್ತಿತ್ತಂತೆ. ಎರಡು ವರ್ಷದಿಂದ ವಿಷು ಕಳೆದ ಕೂಡಲೇ ಉಪ್ಪು. ಆಗಿನಿಂದ ಅಡುಗೆಗೆ ನೀರು ರಸ್ತೆಯ ನಲ್ಲಿಯಿಂದ ಹೊರುತ್ತಾರೆ. ಇದನ್ನೂ ಬರೆದಿಟ್ಟಿದ್ದೇನೆ.

ಮಸ್ಕತ್‌ನ ಅಣ್ಣನಿಗೆ: ನಿಮ್ಮ ಹೆಸರು ಹೇಳುವ ಮೊದಲೇ, ‘ಗೂಟ ಹೊಡೆದ ಹುಡುಗನಾ’ ಅಂತ ಕೇಳಿದರು. ಎದುರಿನ ಸಾಲು ಒಮ್ಮೆಗೇ ಹೋದದ್ದಲ್ಲ. ಮೊದಲು ಗಾಳಿಮರ ಬುಡ ಸಮೇತ ಮಲಗಿತು. ಆಮೇಲೆ ಬಡಗು ಕೊನೆಯ 1 ಮತ್ತು 2. ಉಳಿದವನ್ನು ಕಡಲು ಮುಟ್ಟುವ ಮೊದಲೇ ಧಣಿಗಳು ಬಿಚ್ಚಿಸಿದರು, ಹಂಚು, ಪಕ್ಕಾಸು, ಬಾಗಿಲು ಉಳಿಯಲಿ ಅಂತ. ಈಗ 19 ಮತ್ತು 20ರ ಮಾಡಿನಲ್ಲಿರುವುದು ನಿಮ್ಮ ಎದುರಿನ ಸಾಲಿನ ಹಂಚು. ಮತ್ತೆ, ಮೂರನೇ ನಂಬ್ರದ ಎನಾಮೆಲ್ ತಗಡು, ನೀಲಿಯ ಮೇಲೆ ಬಿಳಿ 3, ಅಜ್ಜಿಯ ಕೋಳಿಗೂಡಿನ ಬಾಗಿಲಿಗೆ ಹೊಡೆದಿದೆ. ಫೋಟೋ ಬೇರೆ ಕಳಿಸಿದ್ದೇನೆ. ಅಜ್ಜಿ ಅದನ್ನು ಕೊಡಲು ಒಪ್ಪಿಲ್ಲ, ನೀವೇ ಬಂದರೆ ನೋಡುವ ಅಂದಿದ್ದಾರೆ.

ಬಲೆಮನೆ ಅಕ್ಕನಿಗೆ: ಹನ್ನೆರಡರ ಬಲೆಯವರು ಸಿಕ್ಕಿದರು, ಅಣ್ಣ ತಮ್ಮ ಇಬ್ಬರು. ಅವರಿಗೆ ಹೇಳಿ ಒಳಗೆ ಹೋದೆ. ಬಲೆ ಸರಿಸಲು ಅವರೇ ಕೈ ಕೊಟ್ಟರು.

9ರಿಂದ 14 ಹಂಚಿನ ಮನೆ, ಆರರ ಒಳಗೂ ಅಳತೆ ತೆಗೆದು ನಕ್ಷೆ ಬರೆದೆ. 15, 16 ಸ್ಲ್ಯಾಬ್. ಬಾಗಿಲಲ್ಲಿ ನಿಂತು ಟಾರ್ಚ್ ಹಾಕಿದರೆ ಸರ್ ಹೇಳಿದ ಕಂದು ಗೆರೆ ಸರಳಿಗೆ ಸರಿಯಾಗಿ ಕಂಡಿತು, ನೆಲದಲ್ಲಿ ಅಂಗೈಯಷ್ಟು ಕಾಂಕ್ರೀಟ್ ಹೆಕ್ಕಳಿಕೆ ಬಿದ್ದಿದೆ. ಒಳಗೆ ಹೋಗಲಿಲ್ಲ. ಹೊರಗಿನ ಅಳತೆ ಮಾತ್ರ. ಸೆಪ್ಟಿಕ್ ಮುಚ್ಚಳ ಮೂರು ಕಡೆ ಇತ್ತು, ಒಂದು ನಾನು ಮೊದಲ ದಿನ ನಿಂತು ಫೋಟೋ ತೆಗೆದ ಜಾಗದ ಪಕ್ಕದಲ್ಲೇ. ಅಜ್ಜ ಕಾಲಿಟ್ಟಲ್ಲೇ ಕಾಲಿಡಿ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತು. ಮೂರಕ್ಕೂ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ ಬಂದಿದ್ದೇವೆ.

ಗೋಡೆಯ ಪಟ್ಟಿಯನ್ನು ಹತ್ತಿರದಿಂದ ಹನ್ನೆರಡು ಫೋಟೋ ತೆಗೆದಿದ್ದೇನೆ, ಒಂದರಲ್ಲಿ ಪಕ್ಕಕ್ಕೆ ಟೇಪು ಹಿಡಿದು. ಒಂಬತ್ತರ ಮೆಟ್ಟಿಲಿನಿಂದ ಹದಿನೇಳರ ಮೆಟ್ಟಿಲಿಗೆ, ಬಾವಿಕಟ್ಟೆಗೆ, ಮೊದಲ ತೆಂಗಿಗೆ ಟೇಪು ಎಳೆದು ಬರೆದಿಟ್ಟಿದ್ದೇನೆ. ಒಂಬತ್ತು ಹೋದರೂ ಮೆಟ್ಟಿಲು ಎಲ್ಲಿತ್ತು ಅಂತ ಹುಡುಕಬಹುದು.

ಮುಂದಿನ ನೂಲ ಹುಣ್ಣಿಮೆ 2026ರ ಆಗಸ್ಟ್ 28, ಶುಕ್ರವಾರ. ಅಧಿಕ ಜ್ಯೇಷ್ಠ ಇರುವುದರಿಂದ ತಡ. ಎರಡು ಹೆಜ್ಜೆ ಮೇಲೆ ಬಂದರೆ ಯಾರೂ ಖುಷಿ ಪಡಬೇಡಿ ಅಂತ ಅಜ್ಜನಿಗೆ ಈಗಲೇ ಹೇಳಿದ್ದೇನೆ. ಅವರು ಎಂದಿನಂತೆ ನಡೆದು ಎಣಿಸುತ್ತಾರೆ, ಹಿಂದಿನಿಂದ ನಾವು ಟೇಪು ಹಿಡಿದು ಹೋಗುವುದು, ಎರಡನ್ನೂ ಅದೇ ಸಾಲಿನಲ್ಲಿ ಬರೆಯುವುದು. ಟೇಪು ಹಿಡಿಯಲು ಇಬ್ಬರು ಬೇಕು. ಬರುವವರು ಬೆಳಿಗ್ಗೆ ಎಂಟಕ್ಕೆ ಕಟಪಾಡಿಯಲ್ಲಿ ಸಿಗಿ, ಅಲ್ಲಿಂದ ನಾನು ಕರೆದುಕೊಂಡು ಹೋಗುತ್ತೇನೆ. ಕುಡಿಯುವ ನೀರು ನಿಮ್ಮದೇ ತನ್ನಿ.